ಆನೆಬಂಡೆ ಮುಳುಗಿದಾಗ ಎಂಟು ಜನ

ಹೊಳೆದಂಡೆಯ ಆಶ್ರಮದಲ್ಲಿ ಗುರು ಪಂಪಾವತಿ ಪ್ರೋಗ್ರಾಮಿಂಗ್ ಕಲಿಸುತ್ತಿದ್ದರು. ಅಲ್ಲಿ ಪ್ರಮಾಣಪತ್ರವಿಲ್ಲ. ಶಿಷ್ಯೆಯ ಪ್ರೋಗ್ರಾಮನ್ನು ನಂಬಿ ಗುರು ದೋಣಿ ಹತ್ತಿದರೆ ವಿದ್ಯೆ ಮುಗಿದಂತೆ.

ಹೊನ್ನಾಂಬಿಕೆ ಬರೆದದ್ದು ಕಡವಿನ ದೀಪದ ಪ್ರೋಗ್ರಾಮು. ದೋಣಿ ಹೊರಡಬಹುದಾದರೆ ಹಸಿರು, ಬೇಡವಾದರೆ ಕೆಂಪು. ಎರಡು ಸಲ ದೀಪ ಹಚ್ಚಿದ್ದಳು. ಎರಡು ಸಲವೂ ಗುರು ದಡದಲ್ಲೇ ನಿಂತಿದ್ದರು.

"ಪ್ರೋಗ್ರಾಮು ಸರಿಯಿದೆಯೇ ಎಂದು ನೋಡಲು ಈ ಸಲ ಇನ್ನೂರು ಟೆಸ್ಟ್ ಬರೆದಿದ್ದೇನೆ. ಎಲ್ಲವೂ ಪಾಸು. ಇನ್ನೇನು ಬೇಕು?"

"ದುರುಗವ್ವ ಓದಲಿ."

"ದೋಣಿ ನಡೆಸುವವಳು ಟೆಸ್ಟ್ ಓದುವುದೇ?"

"ಯಾಕೆ, ನನಗೇನು ಕಣ್ಣಿಲ್ವಾ?" ದುರುಗವ್ವ ಹುಟ್ಟು ಕೆಳಗಿಟ್ಟು ಬಂದಳು. "ಬಸ್ಸಿನ ಬೋರ್ಡು ನೋಡಿ ಅಕ್ಷರ ಕಲಿತವಳು ನಾನು. ತೋರ್ಸು."

ಪರದೆಯ ಮೇಲೆ ಬೆರಳಿಟ್ಟು ಓದಿದಳು. "ನಿಜವಿರಬೇಕು. ನಿಜವಿರಬೇಕು. ನಿಜವಿರಬೇಕು. ಇದೇನೇ ತಂಗಿ, ಕೋರ್ಟಲ್ಲಿ ಆಣೆ ಮಾಡ್ಸಿದಂಗೈತೆ! ನಿಜ ಸರಿ, ಯಾವುದು ನಿಜ?"

"ಅದು ಪಕ್ಕದ ಚಿಹ್ನೆಗಳಲ್ಲಿದೆ. ಬರೆದವರಿಗೆ ಗೊತ್ತಾಗುತ್ತದೆ."

ಗುರು ಒಂದು ಟೆಸ್ಟ್ ಮೇಲೆ ಬೆರಳಿಟ್ಟರು. "ಬರೆದವಳೇ, ಇದು ಏನು ಹೇಳುತ್ತದೆ?"

ಹೊನ್ನಾಂಬಿಕೆ ನೋಡಿದಳು. ಮತ್ತೆ ನೋಡಿದಳು. ತಾನೇ ಬರೆದ ಸಾಲು ಬಾಯಿ ಬಿಡಲಿಲ್ಲ.

"ಟೆಸ್ಟನ್ನು ಆಡುಮಾತಿನಂತೆ ಬರೆಯಲು ಮ್ಯಾಚರ್ ಲೈಬ್ರರಿ ಕೊಟ್ಟಿದ್ದೆ," ಎಂದರು ಗುರು. "'ಮೀರಬಾರದು', 'ಒಳಗೊಂಡಿರಬೇಕು' ಎಂಬ ಮಾತುಗಳೆಲ್ಲ ಅದರಲ್ಲಿ ಸಿದ್ಧವಾಗಿವೆ. ಅದು ಬರೀ ಅಲಂಕಾರ ಅಂದವಳು ನೀನು."

ಮೂರು ದಿನ ಕೂತು ಅವಳು ಇನ್ನೂರನ್ನೂ ಆ ಮಾತುಗಳಲ್ಲಿ ತಿದ್ದಿ ಬರೆದಳು. ಲೆಕ್ಕ ಒಂದೂ ಬದಲಾಗಲಿಲ್ಲ. ಎಲ್ಲವೂ ಮತ್ತೆ ಪಾಸು.

ದುರುಗವ್ವ ಓದುತ್ತ ಹೋದಳು. ಒಂದು ಕಡೆ ಬೆರಳು ನಿಂತಿತು.

"'ಆನೆಬಂಡೆ ಮುಳುಗಿದಾಗ ದೋಣಿಯ ಜನ ಹನ್ನೆರಡನ್ನು ಮೀರಬಾರದು.' ಅಯ್ಯೋ ಪುಣ್ಯಾತಗಿತ್ತಿ, ಎಲ್ಲರನ್ನೂ ಮುಳುಗಿಸ್ತೀಯೇನೇ? ಹೊಳೆ ನಡುವಿನ ಆ ಬಂಡೆ ಕಂಡ್ರೆ ಹನ್ನೆರಡು. ಮುಳುಗಿದ್ರೆ ಎಂಟೇ. ನಮ್ಮಜ್ಜಿ ಕಾಲದಿಂದ ಎಂಟೇ!"

ಹೊನ್ನಾಂಬಿಕೆ ಆ ಟೆಸ್ಟಿನಲ್ಲಿ ಎಂಟು ಎಂದು ತಿದ್ದಿ ಓಡಿಸಿದಳು. ಅದು ಫೇಲಾಯಿತು. ಕಾರಣ ಅಲ್ಲೇ ಇತ್ತು: ಎಂಟನ್ನು ಮೀರಬಾರದಿತ್ತು, ಹನ್ನೆರಡು ಬಂದಿದೆ.

ತಪ್ಪು ಹುಡುಕುವ ಕೆಲಸವೇ ಇರಲಿಲ್ಲ. ಪ್ರೋಗ್ರಾಮಿನ ಒಂದು ಸಾಲು ಸರಿಮಾಡಿದಳು. ಇನ್ನೂರೂ ಪಾಸು.

"ಹಾಂ! ಈಗ ಇದು ನನ್ನ ಹೊಳೆ," ಎಂದಳು ದುರುಗವ್ವ.

ಅಂದು ಆನೆಬಂಡೆ ಮುಳುಗಿತ್ತು. ದುರುಗವ್ವನೂ ಸೇರಿ ದೋಣಿಯಲ್ಲಿ ಆರು ಜನ. ದೀಪ ಹಸಿರಾಯಿತು.

ಹೊನ್ನಾಂಬಿಕೆ ದಡದಲ್ಲಿ ನಿಂತು ಗುರುವಿನ ಕಡೆ ನೋಡಿದಳು.

ಪಂಪಾವತಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡರು. ನೀರಿಗಿಳಿದರು. ದೋಣಿ ಹತ್ತಿ ಕೂತರು.

"ಏಳಾದೆವು," ಎಂದರು. "ಇನ್ನೊಬ್ಬಳಿಗೆ ಜಾಗ ಇದೆ, ಬಾ."