ನಿಂತ ಬಸ್ಸಿನಲ್ಲಿ ಒಂದು ಗಂಟೆ

“ಗುರುಗಳೇ, ಗಡುವು ಮುಗಿದವನನ್ನು ಇನ್ನೂ ಇಟ್ಟುಕೊಳ್ಳಬೇಕೆ?” ಎಂದು ಬಸವಂತ ಕೇಳಿದ.

ಆಶ್ರಮಕ್ಕೆ ಬಂದ ಹೊಸಬರ ಪಾಠದ ಹೊಣೆ ಬಸವಂತನದು. ಹೋದ ವರ್ಷ ಬಂದ ಗುಡ್ಡಪ್ಪ ಎಂಬವನಿಗೆ ಅವನು ಒಂದು ವರ್ಷದ ಗಡುವು ಕೊಟ್ಟಿದ್ದ. ಅಷ್ಟರಲ್ಲಿ ಕಲಿತರೆ ಇರಬಹುದು, ಇಲ್ಲವಾದರೆ ಹೊರಡಬೇಕು. ವರ್ಷ ಕಳೆದಿತ್ತು. ಗುಡ್ಡಪ್ಪ ಏನೂ ಕಲಿತಿರಲಿಲ್ಲ. ಊರಿನ ನಂಟು ಕಡಿದುಕೊಂಡು ಬಂದವನು, ಹೋಗಲು ಇನ್ನೊಂದು ಜಾಗವಿಲ್ಲ. ಬಟ್ಟೆಯ ಗಂಟು ಕಟ್ಟಿಕೊಂಡು ಹೊರಗೆ ಜಗಲಿಯ ಮೇಲೆ ಕೂತಿದ್ದ.

“ನನಗೂ ಸಾಕಾಗಿ ಹೋಗಿದೆ. ಗಡುವು ಎಂದರೆ ಗಡುವು ಅಲ್ಲವೇ?” ಎಂದ ಬಸವಂತ.

“ಕೂತುಕೋ,” ಎಂದರು ಗುರುಗಳು. ಅವನು ಕೂತ ಮೇಲೆ ಕತೆ ಹೇಳಿದರು.

ಒಂದು ನಗರದಲ್ಲಿ ಒಬ್ಬ ಹೆಂಗಸಿದ್ದಳು. ಗಂಡ ಆಸ್ಪತ್ರೆಯಲ್ಲಿದ್ದ. ಅಲ್ಲಿಯ ಊಟ ಅವನಿಗೆ ಸೇರುತ್ತಿರಲಿಲ್ಲ. ದಿನವೂ ಸಂಜೆ ಅವಳು ಗಂಜಿ ಕಾಯಿಸಿ ಡಬ್ಬಿಯಲ್ಲಿ ಒಯ್ಯುತ್ತಿದ್ದಳು. ಎರಡು ಬಸ್ಸು ಹತ್ತಬೇಕಾದ ದಾರಿ. ಎರಡು ಟಿಕೆಟ್ ಕೊಳ್ಳುವ ಶಕ್ತಿ ಅವಳಿಗಿರಲಿಲ್ಲ. ಒಂದು ಬಸ್ಸು ಹತ್ತಿ, ಮಿಕ್ಕ ದಾರಿಯನ್ನು ನಡೆಯುತ್ತಿದ್ದಳು. ಕೆಲವು ದಿನ ಅವಳು ಮುಟ್ಟುವಷ್ಟರಲ್ಲಿ ವಾರ್ಡಿನ ಬಾಗಿಲು ಹಾಕಿರುತ್ತಿತ್ತು. ಅಂದು ಗಂಡನಿಗೆ ಉಪವಾಸ.

ಆ ನಗರದ ಬಸ್ಸುಗಳನ್ನು ನೋಡಿಕೊಳ್ಳುವ ಅಧಿಕಾರಿ ಒಂದು ಹೊಸ ನಿಯಮ ತಂದ. ಟಿಕೆಟ್ ಕೊಂಡ ಒಂದು ಗಂಟೆಯೊಳಗೆ ಯಾವ ಬಸ್ಸಿನಿಂದ ಇಳಿದು ಯಾವ ಬಸ್ಸು ಹತ್ತಿದರೂ ಅದೇ ಟಿಕೆಟ್ ನಡೆಯುತ್ತದೆ. ಗಂಟೆ ಮುಗಿದರೆ ಹೊಸದು ಕೊಳ್ಳಬೇಕು. ಜನ ಭೇಷ್ ಎಂದರು. ಹೆಂಗಸು ಆ ಪುಣ್ಯಾತ್ಮನ ಹೊಟ್ಟೆ ತಣ್ಣಗಿರಲಿ ಎಂದಳು.

ಆದರೆ ಅಲ್ಲಿಯ ಬಸ್ಸುಗಳಿಗೆ ಒಂದು ರೂಢಿಯಿತ್ತು. ಸೀಟು ತುಂಬದೆ ನಿಲ್ದಾಣ ಬಿಡುತ್ತಿರಲಿಲ್ಲ. ಹೊರಟ ಮೇಲೆ ನೂಕುನುಗ್ಗಲಿನಲ್ಲಿ ಓಡಾಡುವುದು ಯಾರಿಗೆ ಬೇಕು ಎಂದು ಕಂಡಕ್ಟರ್ ನಿಂತ ಬಸ್ಸಿನಲ್ಲೇ ಎಲ್ಲರಿಗೂ ಟಿಕೆಟ್ ಹರಿದುಬಿಡುತ್ತಿದ್ದ. ಹಿಂದೆ ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಈಗ ಟಿಕೆಟ್ಟಿನ ಮೇಲೆ ಹೊತ್ತು ಅಚ್ಚಾಗುತ್ತಿತ್ತು.

ಹೆಂಗಸು ಹತ್ತಿ ಕೂತಳು. ಟಿಕೆಟ್ ಕೈಗೆ ಬಂತು. ಬಸ್ಸು ನಿಂತೇ ಇತ್ತು. ಡ್ರೈವರ್ ಚಹಾ ಕುಡಿದ. ಎಲೆಅಡಿಕೆ ಹಾಕಿಕೊಂಡ. ಇನ್ನೊಬ್ಬ ಡ್ರೈವರನ ಜೊತೆ ನಾದಿನಿಯ ಮದುವೆಯ ಮಾತು ತೆಗೆದ. ಮಡಿಲಲ್ಲಿ ಗಂಜಿ ಆರುತ್ತಿತ್ತು. ಕೊನೆಗೂ ಬಸ್ಸು ಹೊರಟಿತು. ಅವಳು ಇಳಿದು ಎರಡನೆಯ ಬಸ್ಸಿಗೆ ಓಡಿದಳು. ಅಲ್ಲಿಯ ಕಂಡಕ್ಟರ್ ಟಿಕೆಟ್ ತಿರುಗಿಸಿ ನೋಡಿ, ಗಂಟೆ ದಾಟಿದೆ, ಹೊಸದು ತೆಗೆದುಕೋ ಇಲ್ಲವೇ ಇಳಿ ಎಂದ. ಅವಳು ಇಳಿದಳು. ನಡೆದು ಹೋಗಿ ಮುಟ್ಟಿದಾಗ ಬಾಗಿಲು ಹಾಕಿತ್ತು. ಮರುದಿನವೂ ಹಾಗೆಯೇ ಆಯಿತು.

ಅವಳು ಅಧಿಕಾರಿಯ ಬಳಿಗೆ ಹೋದಳು.

“ಊರಿನ ಈ ತುದಿಯಿಂದ ಆ ತುದಿಗೆ ಒಂದು ಗಂಟೆ ಸಾಲದೇನಮ್ಮ? ನಿಮಗೆಲ್ಲ ಎಷ್ಟು ಕೊಟ್ಟರೂ ಅಷ್ಟೇ,” ಎಂದು ಅವನು ರೇಗಿದ.

“ಬಸ್ಸು ಹೊರಟರೆ ಧಾರಾಳವಾಗಿ ಸಾಕು ಸ್ವಾಮಿ. ನಾನು ಬಸ್ಸಿನಲ್ಲಿ ಕೂತಿದ್ದೆ, ನಿಮ್ಮ ಬಸ್ಸು ನಿಲ್ದಾಣದಲ್ಲಿ ಕೂತಿತ್ತು. ಆ ಹೊತ್ತನ್ನು ನನ್ನ ತಲೆಗೆ ಯಾಕೆ ಕಟ್ಟುತ್ತೀರಿ?”

ಅಧಿಕಾರಿಗೆ ತಾನು ಉದಾರಿ ಎನ್ನಿಸಿಕೊಳ್ಳಬೇಕೆಂಬ ಆಸೆ. ಗಡುವನ್ನು ಒಂದೂವರೆ ಗಂಟೆ ಮಾಡಿದ. ಜನರಿಗೆ ಈಗ ಬೇಕಾದಷ್ಟು ಹೊತ್ತಿದೆಯಲ್ಲ ಎಂದು ಡ್ರೈವರ್ ಇನ್ನೊಂದು ಚಹಾ ಕುಡಿದ. ಬಸ್ಸು ಹೊರಟ ಮೇಲೆ ಟಿಕೆಟ್ ಹರಿಯಪ್ಪ ಎಂದು ಹೆಂಗಸು ಕಂಡಕ್ಟರನಿಗೆ ಕೈಮುಗಿದಳು. ಟಿಕೆಟ್ ಇಲ್ಲದವರಿಗೆ ಸೀಟಿಲ್ಲ ಎಂದು ಅವನು ಅವಳನ್ನು ಎಬ್ಬಿಸಿದ.

ದೂರುಗಳು ನಿಲ್ಲಲಿಲ್ಲ. ಅಧಿಕಾರಿಗೆ ತಲೆ ಚಿಟ್ಟು ಹಿಡಿಯಿತು. ನಿಯಮವನ್ನೇ ತೆಗೆದುಹಾಕಿದ. ಕೊಟ್ಟ ಅವಕಾಶವನ್ನು ಜನ ಬಳಸಿಕೊಳ್ಳಲಿಲ್ಲ ಎಂದು ನಿಲ್ದಾಣದ ಗೋಡೆಗೆ ಬರೆಸಿದ. ಹೆಂಗಸು ಅದನ್ನು ಓದಿದಳು. ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಡೆಯತೊಡಗಿದಳು.

ಬಸವಂತನಿಗೆ ಕೂರಲಾಗಲಿಲ್ಲ.

“ಎಂಥ ಮುಠ್ಠಾಳ ಗುರುಗಳೇ ಅವನು! ಬಸ್ಸೇ ಹೊರಡದಿದ್ದರೆ ಅವಳೇನು ಮಾಡಬೇಕಿತ್ತು? ಹೊರಟ ಮೇಲಲ್ಲವೇ ಹೊತ್ತು ಎಣಿಸಬೇಕಾದದ್ದು?”

ಗುರುಗಳು ಅವನ ಮುಖ ನೋಡಿದರು.

“ವರ್ಷವಿಡೀ ಗುಡ್ಡಪ್ಪನ ಕೈಲಿ ಕಟ್ಟಿಗೆ ಒಡೆಸಿದೆಯಲ್ಲ, ಪಾಠ ಶುರು ಮಾಡಿದ್ದು ಯಾವತ್ತು?”

ಬಸವಂತ ಜಗಲಿಗೆ ಹೋಗಿ ಗುಡ್ಡಪ್ಪನ ಬಟ್ಟೆಯ ಗಂಟನ್ನು ಒಳಗೆ ತಂದಿಟ್ಟ.