ಲಾಡಸಾಬನ ಒಂದೇ ಇಟ್ಟಿಗೆ

ಹೊಳೆಗೆ ಸೇತುವೆ ಬರುವುದಕ್ಕೂ ಎಷ್ಟೋ ಮುಂಚಿನ ಮಾತು. ಒಂದೂರಲ್ಲಿ ಒಬ್ಬ ಗೌಂಡಿ ಇದ್ದನಂತೆ. ಊರಿನ ಹೆಸರು ಕೇಳಬೇಡಿ. ಹೇಳಿದರೆ ಮೂರೂರಿನವರು ನಮ್ಮದೇ ನಮ್ಮದೇ ಅಂತ ಬಂದು ನನ್ನ ಅಂಗಿ ಹಿಡಿಯುತ್ತಾರೆ. ಗೌಂಡಿಯ ಹೆಸರು ಲಾಡಸಾಬ. ಬೇಕರಿಗಳಿಗೆ ಭಟ್ಟಿ ಕಟ್ಟಿಕೊಡುವುದು ಅವನ ಕಸುಬು. ಅವನು ಕಟ್ಟಿದ ಭಟ್ಟಿಗೆ ಒಮ್ಮೆ ಕಟ್ಟಿಗೆ ಹಾಕಿದರೆ ಮೂರು ದಿನ ಕಾವು ಆರುತ್ತಿರಲಿಲ್ಲವಂತೆ. ಏಳು ದಿನ ಅನ್ನುವವರೂ ಇದ್ದಾರೆ. ನಾನು ಮೂರಕ್ಕೇ ನಿಲ್ಲಿಸಿದೆ. ಸುಳ್ಳಿಗೂ ಒಂದು ಅಳತೆ ಬೇಕಲ್ಲ.

ಇಷ್ಟು ಭಟ್ಟಿ ಕಟ್ಟಿದವನನ್ನು ಜನ ಇವತ್ತಿಗೂ ನೆನೆಯುವುದು ಅವನು ಕಟ್ಟದೆ ಬಿಟ್ಟುಬಂದ ಒಂದು ಭಟ್ಟಿಗಾಗಿ.

ಅದೇ ಸೀಮೆಯಲ್ಲಿ ಅಡಿವೆಪ್ಪನ ಬೇಕರಿ ಇತ್ತು. ಭಟ್ಟಿ ಅವನ ಅಪ್ಪ ಕಟ್ಟಿಸಿದ್ದು. ಅಪ್ಪ ಮಣ್ಣು ಹೊತ್ತ, ಅವ್ವ ಫಕೀರವ್ವ ನೀರು ಹೊತ್ತಳು, ಹಾಗೆ ಎದ್ದ ಭಟ್ಟಿ ಅದು. ಅಪ್ಪ ತೀರಿಕೊಂಡು ಎಷ್ಟೋ ಮಳೆಗಾಲ ಆಗಿತ್ತು. ದಿನಕ್ಕೆ ಸಾವಿರ ಬನ್ನು ಬೇಯುತ್ತಿತ್ತು, ಊರು ತಿಂದು ಮುಗಿಸುತ್ತಿತ್ತು, ಎಲ್ಲ ಸುಖವಾಗಿತ್ತು.

ಆಗ ಊರ ಹೊರಗೆ ಕಾಲುವೆ ತೋಡುವ ಕ್ಯಾಂಪು ಬಂತು. ಇಳಿಹೊತ್ತಿನ ಚಹಾಕ್ಕೆ ದಿನಾ ಎರಡು ಸಾವಿರ ಬನ್ನು ಬೇಕು ಅಂದರು. ಹದಿನೈದು ದಿನ ನೋಡುತ್ತೇವೆ, ಆಮೇಲೂ ಕಡಿಮೆ ಬಿದ್ದರೆ ಆಚೆ ದಡದ ಬೇಕರಿಗೆ ಹೇಳುತ್ತೇವೆ ಅಂದರು. ಊರಿನವರಿಗೆ ಸ್ವಲ್ಪ ದಿನ ರೊಟ್ಟಿಯನ್ನೇ ತಿನ್ನಿರಿ ಅಂದು, ಅಡಿವೆಪ್ಪ ಎದೆ ಉಬ್ಬಿಸಿ ಒಪ್ಪಿದ. ಮೊದಲ ದಿನ ಸಾವಿರದ ನೂರು ಹೋಯಿತು. ಮರುದಿನ ಸಾವಿರದ ನೂರೈವತ್ತು. ಅಲ್ಲಿಂದ ಮುಂದೆ ಒಂದು ಬನ್ನೂ ಹೆಚ್ಚಾಗಲಿಲ್ಲ. ಇನ್ನಿಬ್ಬರು ಆಳು ಹಾಕಿದ, ಆಗಲಿಲ್ಲ. ಎಲ್ಲರನ್ನೂ ಬೈದ, ಆಗಲಿಲ್ಲ. ಕ್ಯಾಂಪಿನಲ್ಲಿ ಬರೀ ಚಹಾ ಕುಡಿದವರು ಇವನ ಗಾಡಿಗೆ ಮಣ್ಣು ತೂರಿದರಂತೆ.

ಭಟ್ಟಿ ಸಣ್ಣದಾಯಿತು, ಕೆಡವಿ ದೊಡ್ಡದು ಕಟ್ಟಿಸುತ್ತೇನೆ ಅಂತ ಅಡಿವೆಪ್ಪ ಮನೆಯಲ್ಲಿ ಸಾರಿದ. ಫಕೀರವ್ವ ಮುಂದಿದ್ದ ರೊಟ್ಟಿಯ ತಾಟನ್ನು ಪಕ್ಕಕ್ಕೆ ಸರಿಸಿದಳು. ಆವತ್ತಿನಿಂದ ಅವಳು ಊಟವನ್ನೇ ಬಿಟ್ಟಳಂತೆ.

ಲಾಡಸಾಬ ಬಂದ. ಹನ್ನೆರಡು ಕತ್ತೆಗಳ ಮೇಲೆ ಇಟ್ಟಿಗೆ ಹೇರಿಕೊಂಡು ಬಂದ. ನಮ್ಮಜ್ಜಿ ಹೇಳುವಾಗ ಕತ್ತೆ ಆರೇ ಇದ್ದವು, ನನ್ನ ಬಾಯಿಗೆ ಬರುವ ಹೊತ್ತಿಗೆ ಮರಿ ಹಾಕಿವೆ.

"ಲಾಡಸಾಬಣ್ಣಾ, ಇವತ್ತ ಕೆಡವಿಬಿಡು," ಅಂದ ಅಡಿವೆಪ್ಪ.

"ಕೆಡವಾಕ ಅರ್ಧಾ ದಿನ ಸಾಕು. ಅದಕ್ಕೂ ಮದ್ಲು ಒಂದು ದಿನ ಕುಂತು ನೋಡ್ತೀನಿ."

"ನೋಡೂದೇನೈತಿ? ಸಣ್ಣದೈತಿ, ಹಿಡಿಯೂದಿಲ್ಲ!"

"ನಿನ್ನ ಹೊಟ್ಟಿನೂ ಸಣ್ಣದ ಇತ್ತಪಾ. ನಿನ್ನ ಮದುವ್ಯಾಗ ಅದರಾಗ ಎಷ್ಟು ಬುಂದೇ ಉಂಡಿ ಹೋದ್ವು ಅಂತ ನಾ ನೋಡೀನಿ."

ಆಳುಗಳು ನಕ್ಕರು. ಲಾಡಸಾಬ ಭಟ್ಟಿಯ ಎದುರಿಗೆ ಒಂದು ಚೀಲ ಹಾಸಿ ಕೂತ. ಎಲೆಯಡಿಕೆ ಬಾಯಿಗೆ ಹಾಕಿಕೊಂಡ. ಕೈಯಲ್ಲಿ ಒಂದು ಇದ್ದಿಲ ಚೂರು. ಭಟ್ಟಿ ಒಳಗೆ ಏನೂ ಇಲ್ಲದೆ ಬರಿದೇ ಉರಿದಾಗೆಲ್ಲ, ನೂರು ಎಣಿಸುವಷ್ಟು ಹೊತ್ತಿಗೊಂದರಂತೆ ಗೋಡೆಯ ಮೇಲೆ ಗೀಟು. ಬೆಳಗಿನಿಂದ ಇಳಿಹೊತ್ತಿನವರೆಗೆ ಅಷ್ಟೇ ಅವನ ಕೆಲಸ. ಗೀಟುಗಳು ಗೋಡೆ ತುಂಬಿ, ಮೂಲೆ ತಿರುಗಿ, ಪಕ್ಕದ ಮನೆಯವರ ಗೋಡೆಗೂ ಹೋದವಂತೆ. ಪಕ್ಕದ ಮನೆಯವಳು ಬಂದು ಬೈದಳಂತೆ ಕೂಡ.

ಕೊನೆಗೆ ಲಾಡಸಾಬ ಎದ್ದ. "ಅಡಿವೆಪ್ಪಾ, ನಿನ್ನ ಭಟ್ಟಿ ಸಣ್ಣದಲ್ಲ. ಹಸದೈತಿ. ಅರ್ಧಾ ದಿನ ಬಾಯಿ ತಕ್ಕೊಂಡು ಬರಿದ ಕುಂತೈತಿ," ಅಂದ.

ಹಾಗಾದರೆ ಹಿಟ್ಟು ಇಲ್ಲವೇ? ಇತ್ತು. ಉಂಡೆ ಕಟ್ಟಿಟ್ಟ ಹಿಟ್ಟು ಹಲಗೆಯ ಮೇಲೆ ಉಬ್ಬಿ ಉಬ್ಬಿ ಬೇಸತ್ತು ಒಂದರ ಮೇಲೊಂದು ಬೀಳುತ್ತಿತ್ತು. ಅದನ್ನು ಜೋಡಿಸಿ ಒಳಗೆ ತಳ್ಳಲು ತಗಡಿನ ತಟ್ಟೆ ಇರಲಿಲ್ಲ. ಮನೆಯಲ್ಲಿದ್ದದ್ದು ನಲವತ್ತು ತಟ್ಟೆ. ಅವೆಲ್ಲಿ ಹೋದವು?

ಲಾಡಸಾಬ ಕತ್ತೆಯ ಹೇರಿನಿಂದ ಒಂದೇ ಒಂದು ಇಟ್ಟಿಗೆ ತೆಗೆದುಕೊಂಡ. ಕೆಲಸ ಎಲ್ಲಿ ನಿಂತಿದೆಯೋ ಅಲ್ಲಿ ಇದನ್ನು ಇಡುತ್ತೇನೆ ಅಂದ. ನಾದುವವನ ಮುಂದೆ ಬಂದ. ನಾದುವವನು ಉಸಿರು ಬಿಗಿಹಿಡಿದ. ಇಡಲಿಲ್ಲ. ಉಂಡೆ ಕಟ್ಟುವ ಸೊಸೆ ನೀಲವ್ವನ ಮುಂದೆ ಬಂದ, ಇಡಲಿಲ್ಲ. ನೇರವಾಗಿ ಹೋದವನು ಫಕೀರವ್ವನ ಪಕ್ಕದಲ್ಲಿ ಇಟ್ಟ.

ಅಲ್ಲಿದ್ದ ನೊಣಗಳೂ ಹಾರುವುದು ನಿಲ್ಲಿಸಿದವಂತೆ.

ಯಾಕೆಂದರೆ ಬೆಂದ ಬನ್ನಿಗೆ ಬೆಣ್ಣೆ ಸವರುವುದು ಆ ಮನೆಯಲ್ಲಿ ಫಕೀರವ್ವನ ಹಕ್ಕು. ಮೊದಲ ಸಲ ಬನ್ನು ಬೇಯಿಸಿದ ದಿನ ಗಂಡ ಅವಳ ಕೈಗೆ ಬೆಣ್ಣೆಯ ಅರಿವೆ ಕೊಟ್ಟು, ಬನ್ನಿನ ಮಿಂಚು ನಿನ್ನ ಕೈಯದೇ ಆಗಿರಲಿ ಅಂದಿದ್ದನಂತೆ. ಅಂದಿನಿಂದ ಅವಳು ಒಂದೊಂದು ಬನ್ನನ್ನೂ ಕೂಸಿನ ತಲೆಗೆ ಎಣ್ಣೆ ಹಚ್ಚಿದ ಹಾಗೆ ಸವರುತ್ತಿದ್ದಳು. ಅವಳು ಸವರುವ ತನಕ ಬನ್ನು ತಟ್ಟೆಯಿಂದ ಇಳಿಯುವಂತಿರಲಿಲ್ಲ. ಸಾವಿರಕ್ಕೆ ಅದು ಸರಿಹೋಗುತ್ತಿತ್ತು. ಈಗ ಅವಳ ಹಿಂದೆ ಮೂವತ್ತು ತಟ್ಟೆ ಸಾಲು ನಿಂತಿದ್ದವು. ದಿನಾ ನಿಲ್ಲುತ್ತಿದ್ದವು, ಎಲ್ಲರ ಕಣ್ಣ ಮುಂದೆಯೇ ನಿಲ್ಲುತ್ತಿದ್ದವು. ಆದರೆ ಅವ್ವನ ಮುಂದೆ ಕಾಯುವುದನ್ನು ಆ ಮನೆಯಲ್ಲಿ ಯಾರೂ ಕಾಯುವುದು ಅಂದುಕೊಂಡಿರಲಿಲ್ಲ. ಮರ್ಯಾದೆ ಅಂದುಕೊಂಡಿದ್ದರು.

ಅಡಿವೆಪ್ಪ ಕೆಂಪಗಾದ. "ಆ ಇಟ್ಟಂಗಿ ತಗಿ ಗೌಂಡಿ! ನಮ್ಮವ್ವನ ಮುಂದ ಇಡ್ತೀಯೇನು?"

ಫಕೀರವ್ವ ಇಟ್ಟಿಗೆಯನ್ನು ನೋಡಿದಳು, ಲಾಡಸಾಬನನ್ನು ನೋಡಿದಳು. "ಏನೋ ಲಾಡ್ಯಾ, ನಾ ಸಾಯೂ ಮದ್ಲ ನನಗ ಗದ್ದಗಿ ಕಟ್ಟಾಕ ಚಾಲೂ ಮಾಡಿದಿ?"

"ಇಲ್ಲ ಯವ್ವಾ. ನಿನ್ನ ಗಂಡನ ಭಟ್ಟಿ ಉಳಸಾಕ ಇಟ್ಟೀನಿ. ಹಿಂದ ಒಮ್ಮೆ ತಿರುಗಿ ನೋಡು."

ಅವಳು ತಿರುಗಿ ನೋಡಿದಳು. ಬೆರಳು ಮಡಿಸಿ ತಟ್ಟೆ ಎಣಿಸಿದಳು. ಹಲಗೆಯ ಮೇಲೆ ಬಿದ್ದ ಹಿಟ್ಟು ನೋಡಿದಳು, ಬರಿದೇ ಉರಿಯುವ ಭಟ್ಟಿ ನೋಡಿದಳು. ಕೊನೆಗೆ ಮಗನನ್ನು ನೋಡಿದಳು.

"ನಿನ್ನ ಕೈ ಸಾಲವಲ್ದು ಅಂತ ನನಗೊಂದು ಮಾತು ಹೇಳೂದರ ಬದಲಿ, ಅಪ್ಪನ ಭಟ್ಟಿ ಕೆಡವಾಕ ಹೊಂಟಿದ್ಯೇನೋ ಅಡಿವ್ಯಾ?"

ಅಡಿವೆಪ್ಪ ಬಗ್ಗಿ, ಹಲಗೆಯ ಮೇಲೆ ಬಿದ್ದ ಉಂಡೆಗಳನ್ನು ಸರಿಮಾಡತೊಡಗಿದ. 

ಮುದುಕಿ ಎದ್ದಳು. ಒಂದು ಮಡಿ ಧೋತರ ತರಿಸಿ ನೆಲಕ್ಕೆ ಹಾಸಿದಳು. ಬೆಂದ ಬನ್ನನ್ನು ಅದರ ಮೇಲೆ ಸುರಿಯಿರಿ, ತಟ್ಟೆ ಬಿಸಿ ಇರುವಾಗಲೇ ಹಿಟ್ಟಿಗೆ ಕೊಡಿ ಅಂದಳು. ತನ್ನ ಅರಿವೆಯನ್ನು ಪರ್ರನೆ ಮೂರು ತುಂಡು ಹರಿದು, ಒಂದು ನೀಲವ್ವನಿಗೆ, ಒಂದು ಮಗನಿಗೇ ಕೊಟ್ಟಳು. ಬೆಣ್ಣೆ ಸವರುವುದು ಹೆಂಗಸರ ಕೆಲಸ ಅಂತ ಅಡಿವೆಪ್ಪ ಗೊಣಗಿದ್ದಕ್ಕೆ, "ತಿನ್ನೂದು ಯಾರ ಕೆಲಸಪಾ?" ಅಂದಳಂತೆ.

ಮರುದಿನ ಕ್ಯಾಂಪಿಗೆ ಸಾವಿರದ ಏಳುನೂರು ಹೋಯಿತು. ಇನ್ನೂ ಮುನ್ನೂರು ಕಡಿಮೆ. ಲಾಡಸಾಬ ಮತ್ತೆ ನೋಡಿದ. ಕೆಲಸ ನಿಲ್ಲಿಸುವ ಗಂಟು ಅವ್ವನ ಹತ್ತಿರದಿಂದ ಎದ್ದು ನಾದುವ ಮರಿಗೆಗೆ ಹೋಗಿ ಕೂತಿತ್ತು. ಈಗ ತಟ್ಟೆ ಇತ್ತು, ಹಿಟ್ಟು ಇರಲಿಲ್ಲ. ಇಟ್ಟಿಗೆಯನ್ನು ಅಲ್ಲಿಗೆ ಸರಿಸಿದ. ಆಚೆ ಸುಮ್ಮನೆ ಕಟ್ಟಿಗೆ ಒಡೆಯುತ್ತಿದ್ದ ಹೊಸ ಆಳುಗಳಿಬ್ಬರನ್ನೂ ನಾದಲು ಕೂಡಿಸಿದರು. ಹದಿನಾಲ್ಕನೆಯ ದಿನ ಎರಡು ಸಾವಿರದ ನಾಲ್ಕು ಬನ್ನು ಎದ್ದವು. ಮೇಲಿನ ನಾಲ್ಕನ್ನು ಫಕೀರವ್ವ ಕೂತಲ್ಲೇ ತಿಂದಳಂತೆ. ಅಷ್ಟು ದಿನ ಉಪವಾಸ ಇದ್ದವಳಲ್ಲವೇ.

ಲಾಡಸಾಬ ಕತ್ತೆಗಳನ್ನು ಹೊಡೆದುಕೊಂಡು ಹೋದ, ತಂದ ಇಟ್ಟಿಗೆಯಲ್ಲಿ ಒಂದನ್ನು ಮಾತ್ರ ಬಿಟ್ಟು. ಮುಂದೆ ಅವನು ಏನಾದ ಅನ್ನುವುದಕ್ಕೆ ಮೂರು ಕಥೆ ಇವೆ. ಮೂರೂ ನನ್ನವೇ, ಆದ್ದರಿಂದ ಬೇಡ.

ಆದರೆ ಇದೊಂದು ನಿಜ. ಆ ಸೀಮೆಯ ಬೇಕರಿಗಳಲ್ಲಿ ಇವತ್ತಿಗೂ ಅಮಾವಾಸ್ಯೆಗೆ ಭಟ್ಟಿ ಆರಿಸುತ್ತಾರೆ, ಮರುದಿನ ಹೊತ್ತಿಸುವ ಮುಂಚೆ ಲಾಡಸಾಬನ ಹೆಸರಲ್ಲಿ ಒಂದು ಇಟ್ಟಿಗೆ ತೊಳೆದು ತೆಗೆಯುತ್ತಾರೆ. ಕೆಲಸ ನಿಲ್ಲುವ ಜಾಗ ನೋಡಿ ಇಡುತ್ತಾರೆ. ಇಟ್ಟಿಗೆ ಬಂದವರನ್ನು ಯಾರೂ ಬೈಯುವಂತಿಲ್ಲ. ಬಿಡುವಾದವರೆಲ್ಲ ಹೋಗಿ ಅಲ್ಲಿ ಕೈ ಹಚ್ಚಬೇಕು. ಆ ದಿನದ ಮೊದಲ ಬನ್ನು ಇಟ್ಟಿಗೆ ಬಂದವರಿಗೇ. ಹೀಗೆ ಕೈಯಿಂದ ಕೈಗೆ ತಿರುಗಿ ತಿರುಗಿ ಅಡಿವೆಪ್ಪನ ಮನೆಯ ಇಟ್ಟಿಗೆಯ ಮೂಲೆಗಳೆಲ್ಲ ಸವೆದು, ಬೆಣ್ಣೆ ಕುಡಿದು, ಮಿಂಚುತ್ತದೆ ಅಂತಾರೆ. ನಾದುವವರ ಹತ್ತಿರ ಹೋಗಿ ಬಂದಿದೆ, ಗಾಡಿ ಹೊಡೆಯುವವನ ಹತ್ತಿರ ಹೋಗಿ ಬಂದಿದೆ, ಯಜಮಾನನ ಗಾದಿಗೂ ಎರಡು ಸಲ ಹೋಗಿ ಬಂದಿದೆ. ಭಟ್ಟಿಯ ಬಾಯಿಗೆ ಮಾತ್ರ ಇನ್ನೂ ಹೋಗಿಲ್ಲವಂತೆ.