ಧಣಿಗೆ ನೆರಳು, ಬ್ಯಾಟರಿಗೆ ಬಿಸಿಲು

ಧಣಿ ಶಾಂತಮಲ್ಲಪ್ಪನವರು ಹೆಂಡತಿಯೊಡನೆ ಕ್ಯಾಂಪರ್ ವ್ಯಾನಿನಲ್ಲಿ ಹೊಳೆದಂಡೆಗೆ ಬಂದರು. ಅಲ್ಲಿ ಕರೆಂಟಿಲ್ಲ. ಹುಣಸೆಮರ ಕಂಡದ್ದೇ ಅದರ ನೆರಳಲ್ಲಿ ವ್ಯಾನ್ ನಿಲ್ಲಿಸೆಂದರು.

"ಧಣಿ, ಚಾವಣಿಯ ಸೋಲಾರಿಗೆ ಬಿಸಿಲು ಬೀಳದೆ ಬ್ಯಾಟರಿ ತುಂಬಲ್ಲ," ಎಂದ ಡ್ರೈವರ್.

"ನನಗೇ ಪಾಠ ಹೇಳ್ತೀಯೇನೋ? ನಾನು ಮಲಗಿದ ಕಡೆ ನೆರಳಿರಬೇಕು. ಸಂಜೆಗೆ ಬ್ಯಾಟರಿಯೂ ತುಂಬಿರಬೇಕು. ಒಂದು ತಪ್ಪಿದರೂ ನಿನ್ನ ಕೆಲಸ ಹೋಯಿತು!"

"ಆಗಲಿ ಧಣಿ."

ಊಟ ಮುಗಿಸಿ ಧಣಿ ವ್ಯಾನಿನೊಳಗೆ ಮಲಗಿ ಗೊರಕೆ ಹೊಡೆದರು. ಸಂಜೆ ಕಣ್ಣು ಬಿಟ್ಟು ಮೇಲೆ ನೋಡಿದರು. ತಲೆಯ ಮೇಲೆ ಚಾವಣಿಯಿಲ್ಲ, ಹುಣಸೆಯ ಕೊಂಬೆ! ಹಾಸಿಗೆ ಸಮೇತ ಅವರು ನೆಲದ ಮೇಲಿದ್ದರು. ವ್ಯಾನು ದೂರದ ಬಯಲಲ್ಲಿ, ಬಿಸಿಲಿಗೆ ಹೊಳೆಯುತ್ತ ನಿಂತಿತ್ತು.

"ಅಯ್ಯಯ್ಯೋ! ಏನೋ ಇದು?"

"ನೀವು ಮಲಗಿದ ಕಡೆ ನೆರಳಿದೆ ಧಣಿ. ಬ್ಯಾಟರಿಯೂ ತುಂಬಿದೆ."

ಧಣಿ ಬೈಯಲು ಬಾಯಿ ತೆರೆದರು. ತಪ್ಪೇ ಸಿಗಲಿಲ್ಲ. ಕೆಲಸದಿಂದ ತೆಗೆಯುವ ಮಾತು ಅಲ್ಲೇ ನಿಂತಿತು.

"ಒಬ್ಬನೇ ಹೊತ್ತೆಯೇನೋ?"

"ತಲೆ ಕಡೆ ನಾನು, ಕಾಲ ಕಡೆ ಅಮ್ಮಾವ್ರು."

ಧಣಿ ಬೆಚ್ಚಿಬಿದ್ದು ಹೆಂಡತಿಯತ್ತ ತಿರುಗಿದರು. "ನೀನೂನಾ? ನನಗೆ ಎಚ್ಚರವೇ ಆಗಲಿಲ್ಲವಲ್ಲೇ!"

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ಮತ್ತೆ ಅವನು ನಿಮಗೆ ಬಲವಂತದಿಂದ ಮೂರನೇ ಮುದ್ದೆ ಬಡಿಸಿದ್ದು ಯಾಕೆ ಅಂದ್ಕೊಂಡ್ರಿ?"